ಅಂಗಳದ ಚಪ್ಪಡಿಗಳ ಸಂದಿಗೆ ಯಾವ ಗಾರೆ, ಯಾವ ಬಣ್ಣ

ತುಮಕೂರು ಜಿಲ್ಲೆಯ ನಮ್ಮ ಊರಿನ ಮನೆಯ ಮುಂದಿನ ಅಂಗಳಕ್ಕೆ ಸಾದರಹಳ್ಳಿ ಕಲ್ಲಿನ, ಅಂದರೆ ಬೂದು ಗ್ರಾನೈಟಿನ, ಚಪ್ಪಡಿಗಳನ್ನು ಹಾಸಿಸಿ ಹನ್ನೊಂದು ವರ್ಷಗಳಾಗಿದ್ದವು. ಕಲ್ಲಿಗೆ ಏನೂ ಆಗಿರಲಿಲ್ಲ. ಅದು ಇನ್ನೂ ನೂರು ವರ್ಷ ಹಾಗೆಯೇ ಇರಬಲ್ಲದು. ಕಲ್ಲು ಕಲ್ಲುಗಳ ನಡುವಿನ ಸಂದಿಗೆ ತುಂಬಿದ್ದ ಸಿಮೆಂಟು ಮಾತ್ರ ಮೊದಲು ಕೂದಲೆಳೆಯಂತೆ ಬಿರಿದು, ಆಮೇಲೆ ಬೆರಳುದ್ದದ ತುಂಡುಗಳಾಗಿ ಎದ್ದು, ಕೊನೆಗೆ ಕಸಬರಿಗೆಯ ಜೊತೆಗೇ ಬರತೊಡಗಿತ್ತು. ಖಾಲಿಯಾದ ಸಂದುಗಳಲ್ಲಿ ಇರುವೆಗಳು ಗೂಡು ಮಾಡಿಕೊಂಡು ಬೆಳಗಾಗುವಷ್ಟರಲ್ಲಿ ಮರಳಿನ ಪುಟ್ಟ ಗುಡ್ಡೆಗಳನ್ನು ಮೇಲೆ ತಂದು ಸುರಿಯುತ್ತಿದ್ದವು. ತುಳಸಿಕಟ್ಟೆಯ ಸುತ್ತ ಗರಿಕೆ ಹಬ್ಬಿತ್ತು. ಗರಿಕೆ ಗಣೇಶನ ಹಬ್ಬಕ್ಕಾದರೂ ಒದಗುತ್ತದೆ, ಅದರ ಬಗ್ಗೆ ತನಗೆ ಬೇಸರವಿಲ್ಲ, ಆದರೆ ಚುಕ್ಕಿ ಇಟ್ಟು ಎಳೆದ ಗೆರೆ ಅರ್ಧಕ್ಕೆ ಸಂದಿನೊಳಗೆ ಬಿದ್ದುಹೋಗುವುದನ್ನು ಇನ್ನು ನೋಡಲಾಗದು ಎಂದು ಅಮ್ಮ ಹೇಳಿದ ಮೇಲೆ ನಾನು ಈ ಕೆಲಸವನ್ನು ಗಂಭೀರವಾಗಿ ಕೈಗೆತ್ತಿಕೊಂಡೆ.

ಸಂದಿಗೆ ಏನು ತುಂಬಬೇಕು ಎಂದು ಕೇಳುವ ಮೊದಲು, ತುಂಬಿದ್ದು ಏಕೆ ಉಳಿಯಲಿಲ್ಲ ಎಂಬುದನ್ನು ತಿಳಿಯಬೇಕಾಗಿತ್ತು. ಅಂಗಳ ಹಾಸಿದವರು ಆಗ ಸಂದುಗಳಿಗೆ ಗಾರೆಯನ್ನು ಒತ್ತಿ ತುಂಬಿರಲಿಲ್ಲ. ಮರಳೇ ಇಲ್ಲದ ಸಿಮೆಂಟು ಹಾಲನ್ನು ಬಾಂಡ್ಲಿಯಿಂದ ಸುರಿದು, ಪೊರಕೆಯಿಂದ ಎಲ್ಲ ಕಡೆಗೂ ಎಳೆದಿದ್ದರು. ಬರಿಯ ಸಿಮೆಂಟು ಒಣಗುವಾಗ ಬಹಳ ಕುಗ್ಗುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಒಳಗೆ ಮರಳಿನ ಕಾಳುಗಳಿಲ್ಲದಿದ್ದರೆ ಕಲ್ಲಿನ ಅಂಚನ್ನು ಬಿಟ್ಟು ಈಚೆಗೆ ಬರುತ್ತದೆ. ಅಲ್ಲಿ ಬಿಟ್ಟ ಕೂದಲೆಳೆಯಷ್ಟು ಬಿರುಕಿನಲ್ಲಿ ನೀರು ಇಳಿಯುತ್ತದೆ, ನೀರಿನ ಹಿಂದೆ ಮಣ್ಣು, ಮಣ್ಣಿನ ಹಿಂದೆ ಬೇರು. ಇದರ ಮೇಲೆ, ಕಲ್ಲಿನ ಮೈಮೇಲೆ ಉಳಿದ ಸಿಮೆಂಟಿನ ಬಿಳಿ ಪೊರೆಯನ್ನು ತೆಗೆಯಲು ಕೆಲಸದ ಕೊನೆಯ ದಿನ ಆಸಿಡ್ ಹಾಕಿ ತೊಳೆದಿದ್ದರು. ಆಸಿಡ್ ಗ್ರಾನೈಟ್ ಕಲ್ಲಿಗೆ ಅಷ್ಟಾಗಿ ಏನೂ ಮಾಡದಿದ್ದರೂ ಸಿಮೆಂಟನ್ನು ತಿನ್ನುತ್ತದೆ; ಹೊಸದಾಗಿ ತುಂಬಿದ, ಇನ್ನೂ ಬಲಿಯದ ಸಂದನ್ನು ಇನ್ನೂ ಬೇಗ ತಿನ್ನುತ್ತದೆ. ಕಲ್ಲನ್ನು ಹೊಳೆಯಿಸಲು ಹೋಗಿ ಸಂದನ್ನು ಮೊದಲ ವಾರದಲ್ಲೇ ಸಡಿಲಿಸಿದಂತಾಗಿತ್ತು.

ಮೂರನೆಯ ಕಾರಣವನ್ನು ಕಂಡುಕೊಳ್ಳಲು ಸ್ವಲ್ಪ ಲೆಕ್ಕ ಹಾಕಬೇಕಾಯಿತು. ಅಂಗಳ 24 ಅಡಿ ಉದ್ದ, 18 ಅಡಿ ಅಗಲ. ಗ್ರಾನೈಟ್ ಪ್ರತಿ ಡಿಗ್ರಿ ಸೆಲ್ಸಿಯಸ್ ಬಿಸಿಗೆ ಒಂದು ಮೀಟರಿಗೆ ಸುಮಾರು 0.008 ಮಿಲಿಮೀಟರ್ ಹಿಗ್ಗುತ್ತದೆ. ಮಾಗಿಯ ಬೆಳಗಿನ ಜಾವ ಕಲ್ಲಿನ ಮೈ 15 ಡಿಗ್ರಿ, ಚೈತ್ರದ ಮಧ್ಯಾಹ್ನ 50 ಡಿಗ್ರಿ ಎಂದಿಟ್ಟುಕೊಂಡರೆ 24 ಅಡಿಯ ಹಾಸು ಒಟ್ಟು 2 ಮಿಲಿಮೀಟರ್ ಹಿಗ್ಗಲು ನೋಡುತ್ತದೆ. ಕೇಳಲು ಇದು ಅಲ್ಪ. ಆದರೆ ಒಂದು ಕಡೆ ಮನೆಯ ಜಗಲಿಗೆ, ಇನ್ನೊಂದು ಕಡೆ ಕಾಂಪೌಂಡಿಗೆ ಒತ್ತಿಕೊಂಡು, ನಡುವೆ ಎಲ್ಲ ಸಂದುಗಳನ್ನೂ ಕಲ್ಲಿನಷ್ಟೇ ಬಿರುಸಾದ ಸಿಮೆಂಟಿನಿಂದ ಕಟ್ಟಿಹಾಕಿದ ಹಾಸಿಗೆ ಆ ಎರಡು ಮಿಲಿಮೀಟರಿಗೆ ಎಲ್ಲಿಯೂ ಜಾಗವಿರಲಿಲ್ಲ. ಹಾಗಾಗಿ ಅದು ತನ್ನ ಜಾಗವನ್ನು ಸಂದುಗಳನ್ನು ಪುಡಿಮಾಡಿ ಪಡೆದುಕೊಂಡಿತು.

ಇಷ್ಟು ತಿಳಿದ ಮೇಲೆ ನನ್ನ ಮನಸ್ಸಿನಲ್ಲಿ ಒಂದು ನಿಲುವು ಗಟ್ಟಿಯಾಯಿತು, ಮುಂದಿನ ಎಲ್ಲ ಆಯ್ಕೆಗಳಿಗೂ ಅದೇ ಅಳತೆಗೋಲಾಯಿತು. ಸಂದಿನಲ್ಲಿ ತುಂಬುವ ವಸ್ತು ಕಲ್ಲಿಗಿಂತ ಮೆತ್ತಗಿರಬೇಕು. ಒತ್ತಡ ಬಂದಾಗ ಸವೆಯಬೇಕಾದದ್ದು, ಬಿರಿಯಬೇಕಾದದ್ದು ಸಂದೇ ಹೊರತು ಕಲ್ಲಿನ ಅಂಚಲ್ಲ. ಹಾಗೆ ಸವೆದದ್ದನ್ನು ಕೆರೆದು ಮತ್ತೆ ತುಂಬುವುದು ಮನೆಯವರ ಕೈಯಲ್ಲೇ ಆಗುವಂತಿರಬೇಕು.

ಆಮೇಲೆ ನೋಡಬೇಕಾದದ್ದು ಕಲ್ಲಿನ ಕೆಳಗೆ ಏನಿದೆ ಎಂಬುದನ್ನು. ಇದನ್ನು ಕೇಳದೆಯೇ ಸಂದಿಗೆ ವಸ್ತುವನ್ನು ಸೂಚಿಸುವ ಅಂಗಡಿಯವರ ಮಾತನ್ನು ನಂಬುವಂತಿಲ್ಲ. ಗಟ್ಟಿಸಿದ ಮಣ್ಣಿನ ಮೇಲೆ ಮರಳು ಅಥವಾ ಜಲ್ಲಿಪುಡಿ ಹರಡಿ ಅದರ ಮೇಲೆ ಚಪ್ಪಡಿ ಕೂರಿಸಿದ್ದರೆ, ಕಾಲಿಟ್ಟಾಗ, ಸ್ಕೂಟರ್ ಹತ್ತಿಸಿದಾಗ ಪ್ರತಿ ಕಲ್ಲೂ ಕಣ್ಣಿಗೆ ಕಾಣದಷ್ಟು ಅಲುಗುತ್ತದೆ. ಅಂತಹ ಹಾಸಿಗೆ ಸಿಮೆಂಟು ಗಾರೆಯ ಸಂದು ಹೊಂದುವುದಿಲ್ಲ. ಮರಳಿನದ್ದೋ ಕಲ್ಲುಪುಡಿಯದ್ದೋ ಸಂದೇ ಸರಿ. ಕಾಂಕ್ರೀಟಿನ ಮೇಲೆ ಗಾರೆ ಹಾಕಿ ಕೂರಿಸಿದ್ದರೆ ಅದಕ್ಕೆ ತದ್ವಿರುದ್ಧ. ಅಲ್ಲಿ ಬಿಡಿ ಮರಳನ್ನು ತುಂಬಿದರೆ ಸಂದಿನಲ್ಲಿ ಇಳಿದ ನೀರು ಕೆಳಗೆ ಹೋಗಲು ದಾರಿಯಿಲ್ಲದೆ ಕಾಂಕ್ರೀಟಿನ ಮೇಲೆಯೇ ನಿಂತು, ಕಲ್ಲಿನಡಿಯನ್ನು ವರ್ಷವಿಡೀ ತೇವವಾಗಿಡುತ್ತದೆ. ನಮ್ಮದು ಮೂರು ಇಂಚು ಕಾಂಕ್ರೀಟಿನ ಮೇಲೆ ಕೂರಿಸಿದ ಹಾಸು. ಮನೆಯಿಂದ ರಸ್ತೆಯ ಕಡೆಗೆ 18 ಅಡಿಗೆ ಎರಡೂಮುಕ್ಕಾಲು ಇಂಚಿನಷ್ಟು ವಾಟ, ಅಂದರೆ ಸುಮಾರು 80ಕ್ಕೆ 1ರಷ್ಟು ಇಳಿಜಾರು ಕೊಟ್ಟಿದ್ದರು. ಅದೊಂದನ್ನು ಅವರು ಸರಿಯಾಗಿ ಮಾಡಿದ್ದರು. ಆದ್ದರಿಂದ ನೀರನ್ನು ಒಳಗೆ ಬಿಡದ, ಮೇಲಿಂದಲೇ ಹರಿಸಿಬಿಡುವ ಸಂದು ನಮಗೆ ಬೇಕಾಗಿತ್ತು.

ಇಂಗ್ಲೆಂಡಿನಲ್ಲಿರುವ ನಮ್ಮ ಭಾವನ ಮನೆಯ ಹಿತ್ತಲಿನಲ್ಲಿಯೂ ಇಂತಹದೇ ಕಲ್ಲುಹಾಸು ಇದೆ. ಅಲ್ಲಿ ಅದನ್ನು ಪ್ಯಾಟಿಯೊ ಎನ್ನುತ್ತಾರೆ. ಕಲ್ಲು ರಾಜಸ್ಥಾನದ ಮರಳುಗಲ್ಲು; ಹಡಗಿನಲ್ಲಿ ಅಷ್ಟು ದೂರ ಹೋಗುವ ಆ ಕಲ್ಲು ಬ್ರಿಟನ್ನಿನ ಬಹಳಷ್ಟು ಮನೆಗಳ ಹಿತ್ತಲಲ್ಲಿದೆ. ರಾಳ ಬೆರೆಸಿದ ಮರಳನ್ನು ಪೊರಕೆಯಿಂದಲೇ ಸಂದಿಗೆ ಗುಡಿಸಿ ತುಂಬಬಹುದೆಂದೂ, ತಮ್ಮ ಮನೆಗೆ ಅದನ್ನೇ ಹಾಕಿಸಿದ್ದೇವೆಂದೂ ಹೇಳಿ ಭಾವ ಅದರ ಚಿತ್ರಗಳನ್ನು ಕಳುಹಿಸಿದರು. ಚಿತ್ರದಲ್ಲಿ ಬಹಳ ಚೆನ್ನಾಗಿ ಕಾಣುತ್ತಿತ್ತು. ಆದರೆ ಅಲ್ಲಿಯ ಸಂದಿಗೆ ಶತ್ರು ಹಿಮ. ಒಳಗೆ ಇಳಿದ ನೀರು ಹೆಪ್ಪುಗಟ್ಟಿ ಹಿಗ್ಗಿ ಸಂದನ್ನು ಒಡೆಯುತ್ತದೆ. ನಮ್ಮಲ್ಲಿ ಅದರ ಭಯವೇ ಇಲ್ಲ. ನಮ್ಮ ಶತ್ರುಗಳು ಬೇಸಿಗೆಯ ಬಿಸಿಲು, ಒಂದೇ ಗಂಟೆಯಲ್ಲಿ ಸುರಿದುಹೋಗುವ ಮುಂಗಾರು ಪೂರ್ವದ ಮಳೆ, ಇವೆಲ್ಲಕ್ಕಿಂತ ಹೆಚ್ಚಾಗಿ ಪ್ರತಿ ಬೆಳಿಗ್ಗೆ ಅಂಗಳಕ್ಕೆ ಬೀಳುವ ಎರಡು ಬಕೆಟ್ ನೀರು ಮತ್ತು ಕಸಬರಿಗೆ. ವರ್ಷಕ್ಕೆ 365 ದಿನ ತೊಳೆಸಿಕೊಳ್ಳುವ ಅಂಗಳವನ್ನು ಮನಸ್ಸಿನಲ್ಲಿಟ್ಟುಕೊಂಡು ಆ ವಸ್ತುಗಳನ್ನು ತಯಾರಿಸಿಲ್ಲ. ನೀರು ಚಿಮುಕಿಸಿ ಗಟ್ಟಿಮಾಡುವ ಪಾಲಿಮರ್ ಮರಳು ಒಣಗಿದಾಗ ಬಿಗಿಯುತ್ತದೆ, ನೆನೆದಾಗ ಮತ್ತೆ ಮೆತ್ತಗಾಗುತ್ತದೆ. ಒಣಗಲು ಪುರುಸೊತ್ತೇ ಇಲ್ಲದ ಕಡೆ, ಅದರಲ್ಲೂ ಕೆಳಗೆ ಕಾಂಕ್ರೀಟಿರುವ ಕಡೆ, ಅದು ನಿಲ್ಲುವಂತಿರಲಿಲ್ಲ.

ಎರಡು ದ್ರವ್ಯಗಳನ್ನು ಬೆರೆಸಿದಾಗ ಗಟ್ಟಿಯಾಗುವ ಎಪಾಕ್ಸಿ ರಾಳದ ಬಗ್ಗೆಯೂ ಬಹಳ ದಿನ ಯೋಚಿಸಿದೆ. ಸ್ನಾನದ ಮನೆಯ, ಅಡುಗೆಮನೆಯ ಟೈಲ್ಸ್ ಸಂದಿಗೆ ಅದಕ್ಕಿಂತ ಒಳ್ಳೆಯದಿಲ್ಲ; ನೀರು ಹೀರುವುದಿಲ್ಲ, ಎಣ್ಣೆಯ ಕಲೆ ಹಿಡಿಯುವುದಿಲ್ಲ. ಆದರೆ ಅಂಗಳದಲ್ಲಿ ಅದಕ್ಕೆ ಮೂರು ತೊಡಕುಗಳಿವೆ. ಬಿಸಿಲಿನ ನೇರಳಾತೀತ ಕಿರಣಕ್ಕೆ ಅದರ ಬಣ್ಣ ವರ್ಷಗಳಲ್ಲಿ ಹಳದಿಗೆ ತಿರುಗುತ್ತದೆ. ಚಾಣದಿಂದ ಕೆತ್ತಿದ ಒರಟು ಕಲ್ಲಿನ ಮೇಲೆ ಒಂದಿಷ್ಟು ಮೆತ್ತಿಕೊಂಡರೂ ಕಲ್ಲಿನ ಹಳ್ಳದಲ್ಲಿ ಕೂತು, ಗಟ್ಟಿಯಾದ ಮೇಲೆ ತೆಗೆಯಲು ಬರುವುದಿಲ್ಲ. ಮೂರನೆಯದು ಪ್ರಮಾಣ. ಎರಡಡಿ ಚೌಕದ 108 ಚಪ್ಪಡಿಗಳೆಂದರೆ ಸಂದಿನ ಒಟ್ಟು ಉದ್ದ ಸುಮಾರು 432 ಅಡಿ, ಅಂದರೆ 132 ಮೀಟರ್. ಕೈಯಲ್ಲಿ ಕೆತ್ತಿದ ಅಂಚಾದ್ದರಿಂದ ಸಂದಿನ ಅಗಲ ಒಂದೊಂದು ಕಡೆ ಒಂದೊಂದು ಬಗೆ, ಸರಾಸರಿ 12 ಮಿಲಿಮೀಟರ್; ಆಳ 40 ಮಿಲಿಮೀಟರ್. ಗುಣಿಸಿದರೆ 63 ಲೀಟರ್ ಆಗುತ್ತದೆ. ಅಷ್ಟು ಎಪಾಕ್ಸಿಯೆಂದರೆ ನೂರು ಕಿಲೋ ದಾಟುತ್ತದೆ, ಅದರ ಬೆಲೆಗೆ ಇನ್ನೊಂದು ಅಂಗಳಕ್ಕೇ ಕಲ್ಲು ಹಾಸಿಸಬಹುದು. ಯಂತ್ರದಲ್ಲಿ ಕೊಯ್ದ, ಮೂರು ನಾಲ್ಕು ಮಿಲಿಮೀಟರ್ ಸಂದಿನ ನಯವಾದ ಗ್ರಾನೈಟ್ ಜಗಲಿಯಾಗಿದ್ದರೆ ನಾನು ಬೇರೆ ತೀರ್ಮಾನಕ್ಕೆ ಬರುತ್ತಿದ್ದೆನೋ ಏನೋ.

ಉಳಿದದ್ದು ಮರಳು ಬೆರೆಸಿದ ಗಾರೆ. ನಮ್ಮ ಕಡೆಯ ಮೇಸ್ತ್ರಿಗಳಲ್ಲಿ ಹೆಚ್ಚಿನವರು ಒಂದಕ್ಕೆ ಮೂರು, ಅಂದರೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು ಎನ್ನುತ್ತಾರೆ. ಅದು ಗಟ್ಟಿ ಗಾರೆ. ನೀರು ನಿಲ್ಲುವ ಕಡೆಗೆ ಒಳ್ಳೆಯದೇ. ಆದರೆ ನನಗೆ ಬೇಕಾದದ್ದು ಕಲ್ಲಿಗಿಂತ ಮೆತ್ತಗಿನದು, ತುಸು ಬಾಗುವಂಥದು. ಅದಕ್ಕೆ ನಮ್ಮ ಹಿಂದಿನವರ ಉತ್ತರ ಸುಣ್ಣ. ಹಳೆಯ ಮನೆಗಳ, ದೇವಸ್ಥಾನಗಳ ಗಾರೆಯಲ್ಲಿ ಸುಣ್ಣದ ಜೊತೆಗೆ ಸುಟ್ಟ ಇಟ್ಟಿಗೆಯ ಪುಡಿ, ಅಂದರೆ ಸುರ್ಕಿ, ಅಳಲೆಕಾಯಿ ನೆನೆಸಿದ ನೀರು, ಬೆಲ್ಲ ಇವು ಸೇರುತ್ತಿದ್ದವೆಂದು ಎಲ್ಲರೂ ಕೇಳಿರುತ್ತೇವೆ. ಸುರ್ಕಿ ಅಲ್ಲಿ ಬರಿಯ ತುಂಬುವ ಪುಡಿಯಲ್ಲ. ಹದವಾಗಿ ಸುಟ್ಟ ಜೇಡಿಯ ನುಣ್ಣನೆಯ ಪುಡಿ ಸುಣ್ಣದೊಡನೆ ನೀರಿನಲ್ಲಿ ವರ್ತಿಸಿ ಸಿಮೆಂಟಿನಂಥದೇ ಅಂಟನ್ನು ಹುಟ್ಟಿಸುತ್ತದೆ; ಬರಿಯ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುವಂಥದಾದ್ದರಿಂದ ತೇವದ ಜಾಗದಲ್ಲಿ ತಡವರಿಸುತ್ತದೆ, ಸುರ್ಕಿ ಸೇರಿದರೆ ತೇವದಲ್ಲಿಯೂ ಕೂಡಿಕೊಳ್ಳುತ್ತದೆ. ಇಂದಿನ ದಿನ ಅಂಗಳವನ್ನು ತಿಂಗಳುಗಟ್ಟಲೆ ಮುಟ್ಟದೆ ಬಿಡಲಾಗುವುದಿಲ್ಲ, ಆದ್ದರಿಂದ ಸಿಮೆಂಟನ್ನು ಪೂರ್ತಿ ಕೈಬಿಡುವಂತೆಯೂ ಇರಲಿಲ್ಲ. ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಮರಳು ಎಂಬ ಬೆರಕೆ ಕಟ್ಟಡದ ಕೆಲಸದಲ್ಲಿ ಹಳೆಯದು, ಪರೀಕ್ಷೆಗೆ ನಿಂತದ್ದು. ನಾನು ಅಲ್ಲಿಂದ ಹೊರಟೆ.

ಇನ್ನು ಬಣ್ಣ. ಇದನ್ನು ಅಲಂಕಾರದ ವಿಷಯ ಎಂದು ಬದಿಗೆ ತಳ್ಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಅಂಗಳಕ್ಕೆ ಬಂದವರ ಕಣ್ಣಿಗೆ ಮೊದಲು ಕಲ್ಲು ಕಾಣಬೇಕೋ ಚೌಕುಳಿಯ ಬಲೆ ಕಾಣಬೇಕೋ ಎಂಬುದನ್ನು ತೀರ್ಮಾನಿಸುವುದು ಸಂದಿನ ಬಣ್ಣವೇ. ಸಂದು ಕಲ್ಲಿಗಿಂತ ಬೆಳ್ಳಗಿದ್ದರೆ ಗೆರೆಗಳು ಮುಂದೆ ಬರುತ್ತವೆ. ಕೈಕೆತ್ತನೆಯ ಅಂಚಿನ ಒಂದೊಂದು ಓರೆಯೂ, ಒಂದು ಕಡೆ ಎಂಟು ಇನ್ನೊಂದು ಕಡೆ ಹದಿನೈದು ಮಿಲಿಮೀಟರ್ ಇರುವ ಅಗಲವೂ ಎದ್ದು ಕಾಣುತ್ತದೆ. ಸಂದು ಕಪ್ಪಾದರೆ ಅದು ನೆರಳಿನಂತೆ ಹಿಂದೆ ಸರಿಯುತ್ತದೆ, ಕಲ್ಲು ಬಿಡಿಬಿಡಿಯಾಗಿ ತೇಲಿದಂತಾಗುತ್ತದೆ. ಬೆಳಕಿನ ಮಟ್ಟದಲ್ಲಿ ಕಲ್ಲಿಗೆ ಸಮವಾಗಿದ್ದು ಛಾಯೆಯಲ್ಲಿ ಮಾತ್ರ ಬೇರೆಯಾಗಿದ್ದರೆ ಕಣ್ಣು ಅಂಗಳವನ್ನು ಒಂದೇ ಹಾಸಾಗಿ ಹಿಡಿಯುತ್ತದೆ.

ನಮ್ಮ ಮನೆಯಲ್ಲಿ ಇದಕ್ಕೆ ರಂಗೋಲಿಯ ವಿಷಯವೂ ಸೇರಿತು. ಬಿಳಿ ಸಿಮೆಂಟಿನ ಸಂದಿನ ಮೇಲೆ ಬಿಳಿಯ ಗೆರೆ ಎಳೆದರೆ ಎಲ್ಲಿ ರಂಗೋಲಿ ಮುಗಿಯಿತು, ಎಲ್ಲಿ ಸಂದು ಶುರುವಾಯಿತು ಎಂದು ತಿಳಿಯುವುದಿಲ್ಲ. ಹದಿನೈದು ಚುಕ್ಕಿಯಿಂದ ಒಂದು ಚುಕ್ಕಿಗೆ ಇಳಿಯುವ ರಂಗೋಲಿಯ ಕೆಳಗೆ ಎರಡಡಿಯ ಇನ್ನೊಂದು ಚೌಕುಳಿ ಬೆಳ್ಳಗೆ ಕಾಣುತ್ತಿದ್ದರೆ ಚುಕ್ಕಿಗಳ ಸಾಲೇ ತಪ್ಪುತ್ತದೆ ಎಂದು ಅಮ್ಮ ಹೇಳಿದಾಗ ಬಿಳಿಯನ್ನು ನಾನು ಅಲ್ಲಿಗೇ ಕೈಬಿಟ್ಟೆ.

ಕಪ್ಪು ನನಗೆ ಮೊದಲು ಬಹಳ ಇಷ್ಟವಾಗಿತ್ತು. ಸಾದರಹಳ್ಳಿ ಕಲ್ಲಿನ ಬೂದು ಮೈಯಲ್ಲಿರುವ ಕಪ್ಪು ಚುಕ್ಕೆಗಳಿಗೆ ಅದು ಹೊಂದುತ್ತದೆ ಎಂದುಕೊಂಡಿದ್ದೆ. ಆದರೆ ಸಿಮೆಂಟು ಗಟ್ಟಿಯಾಗುವಾಗ ಹುಟ್ಟುವ ಸುಣ್ಣದ ಅಂಶ ನೀರಿನೊಡನೆ ಮೇಲೆ ಬಂದು, ಗಾಳಿಯೊಡನೆ ಸೇರಿ ಬಿಳಿಯ ಪುಡಿಯಾಗಿ ಕೂರುತ್ತದೆ. ಬೂದು ಸಂದಿನ ಮೇಲೆ ಅದು ಕಾಣುವುದೇ ಇಲ್ಲ, ಕಪ್ಪು ಸಂದಿನ ಮೇಲೆ ಹಿಟ್ಟು ಚೆಲ್ಲಿದಂತೆ ಕಾಣುತ್ತದೆ. ನಮ್ಮ ಕೊಳವೆಬಾವಿಯ ನೀರು ಗಡಸು. ಬಿಸಿಲಿಗೆ ಒಣಗಿದಲ್ಲೆಲ್ಲ ಬಿಳಿಯ ಗುರುತು ಬಿಡುತ್ತದೆ. ಕಪ್ಪು ಪುಡಿಯಲ್ಲಿಯೂ ಎರಡು ಬಗೆಯಿದೆ ಎಂಬುದನ್ನು ಕೊಳ್ಳುವವರು ತಿಳಿದಿರಬೇಕು. ಕಬ್ಬಿಣದ ಆಕ್ಸೈಡಿನಿಂದ ಮಾಡಿದ ಕಪ್ಪು ಉಳಿಯುತ್ತದೆ. ಕಾಡಿಗೆಯಂತಹ ಇಂಗಾಲದ ಕಪ್ಪು ಮೊದಲಿಗೆ ಹೆಚ್ಚು ಕಪ್ಪಾಗಿ ಕಂಡರೂ ಅದರ ಕಣಗಳು ಅತಿ ಸಣ್ಣವಾದ್ದರಿಂದ ಮಳೆಗೆ ಸಿಕ್ಕ ಸಂದಿನಿಂದ ವರ್ಷ ವರ್ಷ ತೊಳೆದುಹೋಗುತ್ತದೆ. ಯಾವ ಬಣ್ಣದ ಪುಡಿಯಾದರೂ ಸಿಮೆಂಟಿನ ತೂಕದ ನೂರಕ್ಕೆ ಐದರಷ್ಟರ ಆಸುಪಾಸಿನಲ್ಲಿರಬೇಕು. ಹತ್ತನ್ನು ಮೀರಿದರೆ ಬಣ್ಣ ಮತ್ತೆ ಗಾಢವಾಗುವುದಿಲ್ಲ, ಗಾರೆ ಮಾತ್ರ ಬಲಗುಂದುತ್ತದೆ. ಅದನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಬೇಕು. ಹಿಡಿಯಲ್ಲಿ ಅಳೆದರೆ ಒಂದು ಕಲಸಿನ ಬಣ್ಣ ಇನ್ನೊಂದು ಕಲಸಿಗೆ ಬರುವುದಿಲ್ಲ. ನೀರು ಹೆಚ್ಚಾದ ಕಲಸು ಒಣಗಿದಾಗ ಬಿಳಿಚಿಕೊಳ್ಳುವುದರಿಂದ ನೀರನ್ನೂ ಅಳೆದೇ ಹಾಕಬೇಕು.

ಮಾದರಿ ನೋಡದೆ ಬಣ್ಣ ತೀರ್ಮಾನಿಸಬಾರದು. ಬಣ್ಣದ ಪಟ್ಟಿಯನ್ನು ಕೈಯಲ್ಲಿ ಹಿಡಿದು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಆರಿಸಿದ ಬಣ್ಣಕ್ಕೂ ಕಲ್ಲಿನ ಪಕ್ಕದಲ್ಲಿ ಬಿಸಿಲಿಗೆ ಬಿದ್ದ ಬಣ್ಣಕ್ಕೂ ಸಂಬಂಧವಿರುವುದಿಲ್ಲ. ಹಿತ್ತಲಲ್ಲಿ ಉಳಿದಿದ್ದ ಎರಡು ಒಡಕು ಚಪ್ಪಡಿಗಳನ್ನು ಅರ್ಧ ಇಂಚು ಅಂತರದಲ್ಲಿ ಇಟ್ಟು, ನಡುವಿನ ಸಂದನ್ನು ಆರು ತುಂಡು ಮಾಡಿ, ಒಂದೊಂದರಲ್ಲಿ ಒಂದೊಂದು ಗಾರೆ ತುಂಬಿದೆ. ಮಾಮೂಲಿ ಸಿಮೆಂಟಿನೊಡನೆ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು), ಬಿಳಿ ಸಿಮೆಂಟು, ಕಪ್ಪು ಆಕ್ಸೈಡ್, ಮನೆಯ ನೆಲಕ್ಕೆ ಹಾಕುವ ಕೆಂಪು ಆಕ್ಸೈಡ್, ಹಳದಿ ಆಕ್ಸೈಡ್, ಕೊನೆಯದು ಸುಣ್ಣ ಸೇರಿದ ಗಾರೆಗೆ ಹೆಂಚಿನ ಪುಡಿ. ಹದಿನೈದು ದಿನ ಬಿಟ್ಟು, ಬೆಳಿಗ್ಗೆ ಏಳಕ್ಕೊಮ್ಮೆ, ಮಧ್ಯಾಹ್ನಕ್ಕೊಮ್ಮೆ, ನೀರು ಚೆಲ್ಲಿ ಒಮ್ಮೆ, ಒಣಗಿಸಿ ಒಮ್ಮೆ ನೋಡಿದೆವು. ಹಳದಿಯು ಬೂದು ಸಿಮೆಂಟಿನೊಡನೆ ಸೇರಿ ಪಾಚಿ ಹಿಡಿದ ಹಸಿರಿನಂತಾಗಿತ್ತು. ಶುದ್ಧ ಹಳದಿ ಬೇಕಾದವರು ಬಿಳಿ ಸಿಮೆಂಟನ್ನೇ ಬಳಸಬೇಕು. ಕೆಂಪು ಆಕ್ಸೈಡ್ ಒಳಮನೆಯ ನೆಲದಲ್ಲಿ ಎಷ್ಟು ಚೆಲುವೋ ಬೂದು ಕಲ್ಲಿನ ನಡುವೆ ಗೆರೆಯಾಗಿ ಅಷ್ಟೇ ಅಬ್ಬರವಾಗಿತ್ತು. ಮಾಮೂಲಿ ಬೂದು ಸಿಮೆಂಟು ಕಲ್ಲಿಗೆ ತೀರ ಹತ್ತಿರದ ಬಣ್ಣವಾದರೂ ಜೀವವಿಲ್ಲದೆ ಮಂಕಾಗಿತ್ತು.

ಕೊನೆಯ ಪರೀಕ್ಷೆಯನ್ನು ಸೂಚಿಸಿದ್ದು ಅಮ್ಮ. ಎಲ್ಲ ಆರರ ಮೇಲೂ ರಸ್ತೆಯ ಕೆಮ್ಮಣ್ಣನ್ನು ಒಂದು ಹಿಡಿ ಉದುರಿಸಿ, ನೀರು ಹಾಕಿ, ದಿನಾ ಗುಡಿಸುವ ಹಾಗೆ ಗುಡಿಸಲು ಹೇಳಿದರು. ಈ ಒಂದು ಕೆಲಸದಿಂದ ನಾನು ಕಲಿತಷ್ಟನ್ನು ಯಾವ ಬಣ್ಣದ ಪಟ್ಟಿಯಿಂದಲೂ ಕಲಿತಿರಲಿಲ್ಲ. ಬಿಳಿ ಸಿಮೆಂಟು ಐದೇ ನಿಮಿಷದಲ್ಲಿ ಚಹಾ ಚೆಲ್ಲಿದಂತಾಯಿತು. ಕಪ್ಪು ಸಂದು ಧೂಳು ಕಟ್ಟಿದ ಕಂದು ಬಣ್ಣಕ್ಕೆ ಬಂತು. ಬೂದು ಸಿಮೆಂಟು ಕೂಡ ಮಣ್ಣಿನ ಬಣ್ಣಕ್ಕೆ ತಿರುಗಿತು. ಹೆಂಚಿನ ಪುಡಿಯ ಸಂದು ಮಾತ್ರ ಮೊದಲು ಹೇಗಿತ್ತೋ ಹಾಗೆಯೇ ಇತ್ತು. ನಮ್ಮ ಸೀಮೆಯಲ್ಲಿ ಯಾವ ಸಂದಾದರೂ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಊರಿನ ಮಣ್ಣಿನ ಬಣ್ಣವನ್ನು ಪಡೆದೇ ತೀರುತ್ತದೆ. ಅದನ್ನು ತಡೆಯುವ ಬದಲು ಮೊದಲ ದಿನವೇ ಆ ಬಣ್ಣಕ್ಕೆ ಹತ್ತಿರವಾದದ್ದನ್ನು ಆರಿಸಿದರೆ ಹತ್ತು ವರ್ಷವಾದರೂ ಸಂದು ಕೊಳೆಯಾದಂತೆ ಕಾಣುವುದಿಲ್ಲ. ಕಪ್ಪು ಮಣ್ಣಿನ ಧಾರವಾಡ, ಗದಗದ ಕಡೆಯವರಿಗೆ ಇದೇ ಲೆಕ್ಕದಲ್ಲಿ ಗಾಢ ಬೂದು ಬಣ್ಣ ಹೊಂದಬಹುದು.

ಇದಕ್ಕೆ ಇನ್ನೊಂದು ಕಾರಣವನ್ನೂ ಹೇಳಬೇಕು. ಬಣ್ಣದ ಪುಡಿ ಬಣ್ಣ ಕೊಡುವುದು ಸಿಮೆಂಟಿನ ಅಂಟಿಗೆ ಮಾತ್ರ, ಮರಳಿನ ಕಾಳಿಗಲ್ಲ. ಕಸಬರಿಗೆಯೂ ಮಳೆಯೂ ಸೇರಿ ಮೇಲಿನ ಸಿಮೆಂಟಿನ ತೆಳು ಪೊರೆಯನ್ನು ಒಂದೆರಡು ವರ್ಷದಲ್ಲಿ ಸವೆಸಿದ ಮೇಲೆ ಕಾಣುವುದು ಮರಳು. ಗ್ರಾನೈಟ್ ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಬೂದು. ಹೊಳೆಯ ಮರಳು ಕಂದು. ಹಾಗಾಗಿ ಬಹುಕಾಲದ ಬಣ್ಣ ಬೇಕಾದವರು ಡಬ್ಬಿಯ ಬಣ್ಣಕ್ಕಿಂತ ಮೊದಲು ಮರಳನ್ನು ನೋಡಬೇಕು. ಹೆಂಚಿನ ಪುಡಿ ಗಾರೆಯ ಮೈಯೊಳಗೆಲ್ಲ ಇರುವುದರಿಂದ ಎಷ್ಟು ಸವೆದರೂ ಅದೇ ಬಣ್ಣ. ಮಂಗಳೂರು ಹೆಂಚಿನ ಹಳೆಯ ಕೊಟ್ಟಿಗೆಯನ್ನು ಇಳಿಸಿದಾಗ ಉಳಿದ ಒಡಕು ಹೆಂಚುಗಳು ಗೋಡೆಯ ಪಕ್ಕದಲ್ಲಿ ಇದ್ದೇ ಇದ್ದವು. ಬಣ್ಣವನ್ನು ನಾನು ಕೊಳ್ಳಲೇ ಇಲ್ಲ.

ಕೊನೆಗೆ ನಿಂತ ಅಳತೆ ಇದು: ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಒಂದು ಪಾಲು ಹೆಂಚಿನ ಪುಡಿ, ಐದು ಪಾಲು ಜರಡಿ ಹಿಡಿದ ಮರಳು. 63 ಲೀಟರ್ ತುಂಬಲು ಒಣಗಿದ ಪುಡಿ 80 ಲೀಟರ್ ದಾಟಿ ಬೇಕಾಗುತ್ತದೆ, ಕಲಸಿ ಒತ್ತಿದಾಗ ಅದು ಇಳಿಯುತ್ತದೆ. ಅಂದರೆ ಸಿಮೆಂಟು ಹತ್ತು ಲೀಟರಿನಷ್ಟು, ಸುಮಾರು 15 ಕಿಲೋ. ಅರ್ಧ ಚೀಲವೂ ಬೇಡ. ಹೆಂಚನ್ನು ಸುತ್ತಿಗೆಯಿಂದ ಕುಟ್ಟಿ, ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯಲ್ಲಿ ಜರಡಿ ಹಿಡಿದೆವು. ಅದಕ್ಕೇ ಎರಡು ದಿನ ಹಿಡಿಯಿತು. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳದೆ ಈ ಕೆಲಸಕ್ಕೆ ಯಾರೂ ಕೂರಬಾರದು. ಆ ಧೂಳು ಎದೆಗೆ ಒಳ್ಳೆಯದಲ್ಲ.

ಬೇರೆ ಕಲ್ಲಿನವರಿಗೆ ಎರಡು ಮಾತು. ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು, ಆಂಧ್ರದ ಕಡಪ ಕಲ್ಲು, ರಾಜಸ್ಥಾನದ ಕೋಟಾ ಕಲ್ಲು ಇವೆಲ್ಲ ಸುಣ್ಣದ ಕಲ್ಲುಗಳು. ಸಂದು ತುಂಬಿದ ಮೇಲೆ ಅವುಗಳ ಮೇಲೆ ಆಸಿಡ್ ಹಾಕಿದರೆ ಸಂದಿನ ಜೊತೆಗೆ ಕಲ್ಲೂ ಹಾಳಾಗುತ್ತದೆ. ಆದ್ದರಿಂದ ಅಲ್ಲಿ ಮೊದಲೇ ಅಂಚಿಗೆ ಟೇಪು ಹಚ್ಚಿಕೊಂಡು, ಗಾರೆ ಮೇಲೆ ಮೆತ್ತದಂತೆ ಕೆಲಸ ಮಾಡುವುದೊಂದೇ ದಾರಿ. ಕಡಪದ ಕಪ್ಪು ಕಲ್ಲಿಗೆ ಕಪ್ಪು ಸಂದನ್ನು ಹೊಂದಿಸಲು ಹೋಗಬೇಡಿ. ಕಲ್ಲು ಬಿಸಿಲಿಗೆ ಬೂದಾಗುತ್ತಾ ಹೋಗುತ್ತದೆ, ಸಂದು ಬೇರೆಯ ಕಪ್ಪಾಗಿ ಉಳಿಯುತ್ತದೆ. ಮಲೆನಾಡಿನಲ್ಲಂತೂ ನಾಲ್ಕು ತಿಂಗಳ ಮಳೆಗೆ ಸಂದಿನ ಬಣ್ಣ ಏನೇ ಇರಲಿ ಪಾಚಿಯ ಹಸಿರೇ ಗೆಲ್ಲುತ್ತದೆ. ಅಲ್ಲಿ ಬಣ್ಣಕ್ಕಿಂತ, ಸಂದು ತಗ್ಗಾಗಿ ನೀರು ಹಿಡಿದುಕೊಳ್ಳದಂತೆ ಕಲ್ಲಿನ ಮಟ್ಟಕ್ಕೆ ತುಂಬುವುದು ಮುಖ್ಯ. ಅಡಿಕೆ ಒಣಗಿಸುವ ಅಂಗಳದಲ್ಲಿ ಗುಡಿಸಿ ರಾಶಿ ಮಾಡುವುದಕ್ಕೂ ಅದೇ ಅನುಕೂಲ.

ಕೆಲಸವನ್ನು ಡಿಸೆಂಬರ್ ಕೊನೆಯ ವಾರಕ್ಕೆ ಇಟ್ಟುಕೊಂಡೆವು. ಮಳೆಯಿಲ್ಲ, ಬಿಸಿಲು ತೀಕ್ಷ್ಣವಲ್ಲ, ಸಂಕ್ರಾಂತಿಯ ದೊಡ್ಡ ರಂಗೋಲಿಯ ಹೊತ್ತಿಗೆ ಅಂಗಳ ಸಿದ್ಧವಾಗುತ್ತದೆ. ಮೇಸ್ತ್ರಿಯವರು ಹಳೆಯ ಸಿಮೆಂಟನ್ನು ಸಣ್ಣ ಉಳಿಯಿಂದ ಒಂದೂವರೆ ಇಂಚು ಆಳಕ್ಕೆ ತೆಗೆದರು. ಯಂತ್ರದಿಂದ ಕೊಯ್ದರೆ ಬೇಗ ಆಗುತ್ತದೆಂದು ಅವರ ಜೊತೆಗಿದ್ದ ಹುಡುಗ ಹೇಳಿದಾಗ, ಕೈಕೆತ್ತನೆಯ ಅಂಚಿಗೆ ಬ್ಲೇಡು ತಾಗಿದರೆ ಆ ಗೀರು ಜನ್ಮಕ್ಕೂ ಹೋಗುವುದಿಲ್ಲ ಎಂದು ಅವರೇ ತಡೆದರು. ಆ ಮಾತಿಗೆ ನಾನು ಇಂದಿಗೂ ಕೃತಜ್ಞಳು. ಸಂದನ್ನು ಗುಡಿಸಿ, ತೊಳೆದು, ಹಿಂದಿನ ರಾತ್ರಿಯೇ ನೆನೆಸಿ, ತುಂಬುವ ಹೊತ್ತಿಗೆ ಒದ್ದೆಯಿರಬೇಕು ಆದರೆ ನೀರು ನಿಂತಿರಬಾರದು ಎನ್ನುವಂತೆ ನೋಡಿಕೊಂಡೆವು. ಗಾರೆಯ ಹದ ತೆಳುವಲ್ಲ: ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳ ಸಂದಿಯಿಂದ ನೀರು ಜಿನುಗಬಾರದು. ಅದನ್ನು ಕರಣೆಯಿಂದ ಸಂದಿಗೆ ಇಳಿಸಿ, ಅರ್ಧ ಇಂಚಿನ ಕಬ್ಬಿಣದ ಪಟ್ಟಿಯಿಂದ ಎರಡು ಪದರದಲ್ಲಿ ಒತ್ತಿ, ಮೇಲೆ ಕಲ್ಲಿನ ಮಟ್ಟಕ್ಕಿಂತ ಒಂದು ಮಿಲಿಮೀಟರ್ ಮಾತ್ರ ಒಳಗಿರುವಂತೆ ಎಳೆದು ಮುಗಿಸಿದರು. ಒದ್ದೆ ಬಟ್ಟೆಯಿಂದ ಒರೆಸುವುದನ್ನು ಅವರು ಬೇಡವೆಂದರು. ಒದ್ದೆ ಬಟ್ಟೆ ಸಿಮೆಂಟಿನ ಹಾಲನ್ನು ಕಲ್ಲಿನ ಮೈಗೆ ಹಚ್ಚುತ್ತದೆ. ಬಿದ್ದ ಪುಡಿ ಅರೆ ಒಣಗಿದ ಮೇಲೆ ಒಣ ಪೊರಕೆಯಲ್ಲಿ ಗುಡಿಸಿದರೆ ಸಾಕಾಯಿತು. ಆಸಿಡ್ಡಿನ ಬಾಟಲಿಯನ್ನು ಮನೆಯೊಳಗೆ ತರಲೇ ಇಲ್ಲ.

ಜಗಲಿಯ ಉದ್ದಕ್ಕೂ, ಕಾಂಪೌಂಡಿನ ಪಕ್ಕಕ್ಕೂ, ತುಳಸಿಕಟ್ಟೆಯ ಸುತ್ತಲೂ ಇರುವ ಸಂದಿಗೆ ಗಾರೆ ಹಾಕಲಿಲ್ಲ. ಅಲ್ಲಿ ಮೊದಲು ಹತ್ತಿಕಡ್ಡಿಯಂತೆ ಮೆತ್ತಗಿರುವ ಫೋಮಿನ ಹುರಿ ಇಟ್ಟು, ಮೇಲೆ ಒಣಗಿದ ಮೇಲೂ ರಬ್ಬರಿನಂತೆ ಬಾಗುವ ಪಾಲಿಯುರಿಥೇನ್ ಸೀಲೆಂಟ್ ತುಂಬಿಸಿದೆವು. ಹಿಗ್ಗುವ ಎರಡು ಮಿಲಿಮೀಟರಿಗೆ ಅದೇ ಜಾಗ. ಇದಕ್ಕೆ ಸಾಮಾನ್ಯ ಸಿಲಿಕೋನ್ ಬಳಸಬಾರದು. ಅದರ ಎಣ್ಣೆಯಂಶ ಗ್ರಾನೈಟಿನ ಅಂಚಿಗೆ ಇಳಿದು ಒಂದು ಬೆರಳಗಲ ಕಪ್ಪಗೆ ನೆನೆದಂತೆ ಉಳಿದುಬಿಡುತ್ತದೆ. ಸೀಲೆಂಟ್ ನಮಗೆ ಬೇಕಾದ ಬಣ್ಣದಲ್ಲಿ ಸಿಗಲಿಲ್ಲ. ಕಂದು ಬಣ್ಣದ್ದನ್ನು ಹಾಕಿ, ಅದು ಇನ್ನೂ ಅಂಟಂಟಾಗಿರುವಾಗಲೇ ಅದೇ ಮರಳು, ಅದೇ ಹೆಂಚಿನ ಪುಡಿಯನ್ನು ಮೇಲೆ ಉದುರಿಸಿ ಮೆಲ್ಲಗೆ ಒತ್ತಿದ್ದರಿಂದ ಈಗ ಬಗ್ಗಿ ನೋಡಿದರೂ ವ್ಯತ್ಯಾಸ ತಿಳಿಯುವುದಿಲ್ಲ.

ಹತ್ತು ದಿನ ಒದ್ದೆ ಗೋಣಿಚೀಲ ಹೊದಿಸಿಟ್ಟೆವು. ಸುಣ್ಣ ಸೇರಿದ ಗಾರೆಗೆ ಆತುರ ಆಗದು. ಅಷ್ಟು ದಿನ ಅಮ್ಮ ಗೇಟಿನ ಹೊರಗೆ ಒಂದು ಮೊಳದ ಜಾಗದಲ್ಲಿ ರಂಗೋಲಿ ಹಾಕಿದರು. ಚೀಲ ತೆಗೆದಾಗ ಸಂದು ಕಪ್ಪು ಕಂದಾಗಿ ಕಂಡು ನನಗೆ ಗಾಬರಿಯಾಗಿತ್ತು. ಪೂರ್ತಿ ಒಣಗಲು ಇನ್ನೂ ಮೂರು ವಾರ ಹಿಡಿದು, ಆಮೇಲೆ ಮಾದರಿಯ ಬಣ್ಣಕ್ಕೆ ಬಂತು. ಈಗ ಅದು ರಂಗೋಲಿಯ ಅಂಚಿಗೆ ಎಳೆಯುವ ಕೆಮ್ಮಣ್ಣಿನ ಗೆರೆ ಮಾಸಿದರೆ ಹೇಗಿರುತ್ತದೋ ಹಾಗಿದೆ.

ಅಂದಿನಿಂದ ಎರಡು ಮಳೆಗಾಲ ಕಳೆದಿವೆ. ಸೂರಿನ ನೀರು ನೇರವಾಗಿ ಬೀಳುವ ಸಾಲಿನಲ್ಲಿ ಎರಡು ಕಡೆ, ಮೂರು ಬೆರಳಿನಷ್ಟು ಉದ್ದ, ಸಂದು ಗುಳಿ ಬಿದ್ದಿತ್ತು. ಒಣ ಬೆರಕೆಯ ಮರಳು ಮತ್ತು ಹೆಂಚಿನ ಪುಡಿಯನ್ನು ಅಳತೆ ಬರೆದ ಚೀಟಿಯ ಸಮೇತ ಎಣ್ಣೆಯ ಡಬ್ಬಿಯಲ್ಲಿ ತೆಗೆದಿಟ್ಟಿದ್ದೆವು. ಅದಕ್ಕೆ ಹೊಸ ಸಿಮೆಂಟನ್ನೂ ಸುಣ್ಣವನ್ನೂ ಸೇರಿಸಿ, ಒಂದು ಬಟ್ಟಲಿನಷ್ಟು ಕಲಸಿ, ಅಮ್ಮನೇ ಹಳೆಯ ಚಮಚದ ಹಿಡಿಯಿಂದ ಒತ್ತಿ ತುಂಬಿದರು. ತೇಪೆ ಹಾಕಿದ ಜಾಗ ಗೌರಿ ಹಬ್ಬದ ಹೊತ್ತಿಗೆ ಎದ್ದು ಕಾಣುತ್ತಿತ್ತು, ದೀಪಾವಳಿಗೆ ಹುಡುಕಬೇಕಾಯಿತು.